ಉಗುರು, ಕೀವು, ಚಿಗಟ: ಬೆಕ್ಕು ಪರಚಿ ಬರುವ ಕಾಯಿಲೆಯ ಇತಿಹಾಸ

1931ರಲ್ಲಿ ಪ್ಯಾರಿಸ್‌ನ ಮಕ್ಕಳ ವೈದ್ಯ ರೋಬೇರ್ ದೆಬ್ರೆ ಅವರ ಬಳಿಗೆ ಬಂದ ಹುಡುಗನೊಬ್ಬನ ತೋಳಿನ ದುಗ್ಧಗ್ರಂಥಿ ಊದಿ ಕೀವು ತುಂಬಿತ್ತು. ಇಂಥ ಗಡ್ಡೆ ಕಂಡರೆ ಆ ಕಾಲದ ವೈದ್ಯರಿಗೆ ಮೊದಲು ಹೊಳೆಯುತ್ತಿದ್ದುದು ಕ್ಷಯ. ದೆಬ್ರೆ ಹುಡುಗನ ಕೈಯನ್ನೂ ನೋಡಿದರು. ಅಲ್ಲಿ ಬೆಕ್ಕು ಪರಚಿದ ಗೀರುಗಳಿದ್ದವು. ಇಂಥವೇ ಪ್ರಕರಣಗಳನ್ನು ಕೂಡಿಸಿ ಸಂಗಡಿಗರೊಂದಿಗೆ ಅವರು ಪ್ರಬಂಧ ಪ್ರಕಟಿಸಿದ್ದು 1950ರಲ್ಲಿ. ‘ಬೆಕ್ಕಿನುಗುರಿನ ರೋಗ’ ಎಂಬ ಹೆಸರೇನೋ ನಿಂತಿತು, ರೋಗಾಣು ಮಾತ್ರ ಸಿಕ್ಕಿರಲಿಲ್ಲ. 1889ರಲ್ಲೇ ಪ್ಯಾರಿಸ್‌ನ ನೇತ್ರವೈದ್ಯ ಆನ್ರಿ ಪಾರಿನೋ, ಕಣ್ಣು ಕೆಂಪಾಗಿ ಕಿವಿಯ ಮುಂದಿನ ಗ್ರಂಥಿ ಊದುವ ತೊಂದರೆಗೂ ಪ್ರಾಣಿಗಳ ಒಡನಾಟಕ್ಕೂ ನಂಟಿರಬೇಕೆಂದು ಬರೆದಿದ್ದರು. ಅದು ಹೆಚ್ಚಾಗಿ ಇದೇ ಕಾಯಿಲೆಯ ಇನ್ನೊಂದು ರೂಪವೆಂದು ತಿಳಿದದ್ದು ಬಹಳ ತಡವಾಗಿ.

ಈ ನಡುಗಾಲದಲ್ಲಿ ರೋಗ ಪತ್ತೆಗೆ ಬಳಕೆಯಲ್ಲಿದ್ದುದು ಹ್ಯಾಂಗರ್-ರೋಸ್ ಪರೀಕ್ಷೆ. ಒಬ್ಬ ರೋಗಿಯ ಗ್ರಂಥಿಯ ಕೀವನ್ನು ಕಾಯಿಸಿ, ಇನ್ನೊಬ್ಬರ ಚರ್ಮದೊಳಕ್ಕೆ ಚುಚ್ಚಿ, ಅಲ್ಲಿ ಕೆಂಪಗೆ ಗಂಟು ಎದ್ದರೆ ರೋಗವಿದೆ ಎನ್ನುತ್ತಿದ್ದರು. ಯಾರದೋ ಕೀವು ಇನ್ಯಾರದೋ ಮೈಗೆ! ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಈ ಪದ್ಧತಿ ದಶಕಗಳ ಕಾಲ ನಡೆಯಿತು.

1983ರಲ್ಲಿ ಅಮೆರಿಕದ ಸೇನಾ ರೋಗಶಾಸ್ತ್ರ ಸಂಸ್ಥೆಯ ಸಂಶೋಧಕರು ಬೆಳ್ಳಿಯ ಬಣ್ಣ ಹಾಕುವ ವಿಧಾನದಿಂದ 39 ರೋಗಿಗಳ ಪೈಕಿ 34 ಮಂದಿಯ ಗ್ರಂಥಿಗಳಲ್ಲಿ ಸಣ್ಣ ಕಡ್ಡಿಯಂಥ ಬ್ಯಾಕ್ಟೀರಿಯಾಗಳನ್ನು ಕಂಡರು. 1988ರಲ್ಲಿ ಅಂಥದೊಂದನ್ನು ಬೆಳೆಸಿದ್ದೂ ಆಯಿತು. 1991ರಲ್ಲಿ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನೇ ಹಿಡಿದು ಅದನ್ನು ‘ಅಫಿಪಿಯಾ ಫೆಲಿಸ್’ ಎಂದು ಕರೆದರು. ನನ್ನ ದೃಷ್ಟಿಯಲ್ಲಿ ಇದು ಅವಸರದ ನಾಮಕರಣ.

ಉತ್ತರ ಬಂದದ್ದು ಬೆಕ್ಕಿನ ದಾರಿಯಿಂದಲ್ಲ, ಎಚ್‌ಐವಿ ಸೋಂಕಿತರ ವಾರ್ಡುಗಳಿಂದ. ಅವರ ಚರ್ಮದಲ್ಲಿ ಏಳುತ್ತಿದ್ದ ರಕ್ತನಾಳದ ಗಂಟುಗಳನ್ನು 1990ರಲ್ಲಿ ಡೇವಿಡ್ ರೆಲ್ಮನ್ ತಂಡ ಜೀನ್ ಅನುಕ್ರಮದ ಮೂಲಕ ಶೋಧಿಸಿ, ಅಪರಿಚಿತ ಬ್ಯಾಕ್ಟೀರಿಯಾದ ಗುರುತು ಹಿಡಿಯಿತು. 1992ರಲ್ಲಿ ಅದಕ್ಕೆ ‘ರೋಕಾಲಿಮಿಯಾ ಹೆನ್ಸೆಲೆ’ ಎಂಬ ಹೆಸರಾಯಿತು. ಅದೇ ವರ್ಷ ರಸೆಲ್ ರೆಗ್ನರಿ ಮತ್ತು ಸಂಗಡಿಗರು ಬೆಕ್ಕು ಪರಚಿ ಕಾಯಿಲೆ ಬಿದ್ದಿದ್ದ 41 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 88ರಷ್ಟು ಜನರಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಸಿಕ್ಕವು. ಅಫಿಪಿಯಾ ಬದಿಗೆ ಸರಿಯಿತು. 1993ರಲ್ಲಿ ಕುಲವೇ ಬದಲಾಗಿ ಈ ರೋಗಾಣು ‘ಬಾರ್ಟೊನೆಲ್ಲಾ ಹೆನ್ಸೆಲೆ’ ಆಯಿತು.

ಉಗುರಿಗೆ ಅದು ಬಂದದ್ದಾದರೂ ಎಲ್ಲಿಂದ? 1996ರಲ್ಲಿ ಬ್ರೂನೋ ಶೊಮೆಲ್ ತಂಡ ಸೋಂಕಿದ ಬೆಕ್ಕುಗಳ ಚಿಗಟಗಳನ್ನು ತೆಗೆದು ಸೋಂಕಿಲ್ಲದ ಮರಿಗಳ ಮೇಲೆ ಬಿಟ್ಟಿತು. ಮರಿಗಳಿಗೂ ಸೋಂಕು ತಗುಲಿತು. ಬ್ಯಾಕ್ಟೀರಿಯಾ ಇರುವುದು ಚಿಗಟದ ಹಿಕ್ಕೆಯಲ್ಲಿ. ಮೈ ಕೆರೆದುಕೊಂಡಾಗ ಅದು ಉಗುರಿಗೆ ಅಂಟುತ್ತದೆ, ಪರಚಿದಾಗ ನಮ್ಮ ಚರ್ಮದೊಳಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ರಕ್ತದಲ್ಲಿ ಸೋಂಕು ಹೊತ್ತ ಬೆಕ್ಕು ಸಾಮಾನ್ಯವಾಗಿ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತದೆ.

ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮಲ್ಲಿ ಕಂಕುಳಿನ, ಕುತ್ತಿಗೆಯ ಗಡ್ಡೆಗೆ ಮೊದಲ ಸಂಶಯ ಅದರದೇ, ಅದು ಸಹಜವೂ ಹೌದು. ಮನೆಯಲ್ಲಿ ಬೆಕ್ಕಿನ ಮರಿ ಇದ್ದರೆ, ಅದು ಪರಚಿದ್ದರೆ, ವೈದ್ಯರು ಕೇಳದಿದ್ದರೂ ಆ ಮಾತನ್ನು ಹೇಳಿಬಿಡಿ.