ಭದ್ರಾವತಿಯ ಕಟ್ಟಿಗೆಯ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡಿನ ಇಂಧನ: ಒಂದು ಐತಿಹಾಸಿಕ ಪರಿಶೀಲನೆ

ಹೊಗೆಯೊಡನೆ ವಾಯುಮಂಡಲವನ್ನು ಸೇರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಕ್ರಿಯಾವರ್ಧಕಗಳ ನೆರವಿನಿಂದ ದ್ರವ ಇಂಧನವಾಗಿ ಪರಿವರ್ತಿಸುವ ಪ್ರಯತ್ನವು ಇಂದು ವಿಜ್ಞಾನಿಗಳ ಗಮನವನ್ನು ವಿಶೇಷವಾಗಿ ಸೆಳೆದಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ನಡೆದ ಸಂಶೋಧನೆಯಿಂದ ಹುಟ್ಟಿದ ಬ್ರೀದ್ ಎಂಬ ಸಂಸ್ಥೆಯು ಈ ಅನಿಲವನ್ನು ಮೆಥನಾಲ್ ಆಗಿಸುವ ವಿಧಾನವನ್ನು ಮುಂದಿಟ್ಟು, 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯ ಅಂತಿಮ ಹಂತದ ಹತ್ತು ತಂಡಗಳಲ್ಲಿ ಒಂದಾಯಿತು. ಇದು ರಸಾಯನಶಾಸ್ತ್ರದ ವಿಷಯ. ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಏನು ಕೆಲಸವೆಂದು ಕೇಳಬಹುದು. ಆದರೆ ಇದೇ ಮೆಥನಾಲನ್ನು ಒಂದು ಶತಮಾನದ ಹಿಂದೆ ನಮ್ಮ ನಾಡಿನಲ್ಲಿಯೇ ಬೇರೊಂದು ಮಾರ್ಗದಿಂದ ತಯಾರಿಸಿದ್ದರು. ಆ ಅನುಭವವು ಕಲಿಸುವ ಪಾಠವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುವೆವು.

ಅಂತರಘಟ್ಟೆ, ಅಜ್ಜಂಪುರಗಳ ಬಯಲುಸೀಮೆಯಿಂದ ಪಶ್ಚಿಮಕ್ಕೆ ತರೀಕೆರೆಯನ್ನು ದಾಟಿದರೆ ಮಲೆನಾಡು ತೊಡಗುತ್ತದೆ. ಅಲ್ಲಿನ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ರೋಪ್‌ವೇಯ ಮೂಲಕ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಗಳ ಮೇಲೆ ಭದ್ರಾವತಿಗೆ ಸಾಗುತ್ತಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ರೂಪುಗೊಂಡ ಈ ಕಾರ್ಖಾನೆಯು 1923ರ ಜನವರಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಹತ್ತಿರದಲ್ಲಿ ಕಲ್ಲಿದ್ದಲು ದೊರೆಯದುದರಿಂದ ಅದಿರನ್ನು ಕರಗಿಸಲು ಮರದ ಇದ್ದಿಲೇ ಆಧಾರವಾಯಿತು. ಅಂದಿನ ಕಡೂರು ಮತ್ತು ಶಿವಮೊಗ್ಗ ಜಿಲ್ಲೆಗಳ ಅರಣ್ಯಗಳು ಕಟ್ಟಿಗೆಯನ್ನು ಒದಗಿಸಿದವು. ಗಾಳಿಯಾಡದ ಪಾತ್ರೆಗಳಲ್ಲಿ ಕಟ್ಟಿಗೆಯನ್ನು ಕಾಯಿಸಿದಾಗ ಇದ್ದಿಲು ಉಳಿಯುತ್ತದೆ. ಹೊರಬರುವ ಆವಿಯನ್ನು ತಣಿಸಿದರೆ ಟಾರು, ಅಸಿಟಿಕ್ ಆಮ್ಲ ಹಾಗೂ ಮೆಥನಾಲ್ ದೊರೆಯುತ್ತವೆ. ಮೆಥನಾಲಿಗೆ ‘ಕಟ್ಟಿಗೆಯ ಮದ್ಯಸಾರ’ವೆಂಬ ಹೆಸರು ಬಂದುದು ಇದರಿಂದಲೇ.

ಮರದಲ್ಲಿರುವ ಇಂಗಾಲವು ಎಲೆಗಳು ಗಾಳಿಯಿಂದ ಹೀರಿಕೊಂಡ ಇಂಗಾಲದ ಡೈಆಕ್ಸೈಡಿನಿಂದ ಬಂದುದು. ಆದುದರಿಂದ ಭದ್ರಾವತಿಯ ಮೆಥನಾಲೂ ಮೂಲತಃ ಗಾಳಿಯ ಇಂಗಾಲವೇ ಎನ್ನಬೇಕು. ಅದನ್ನು ಹಿಡಿದಿಡಲು ಬೇಕಾದ ಶಕ್ತಿಯನ್ನು ಸೂರ್ಯನು ಕೊಟ್ಟಿದ್ದನು; ಕಾಲವನ್ನು ಕಾಡು ಕೊಟ್ಟಿದ್ದಿತು. ಆದರೆ ಗಟ್ಟಿಮರದ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಮೆಥನಾಲ್ ಆಗಿ ಕೈಗೆ ಬರುತ್ತದೆ. ದಶಕಗಳಲ್ಲಿ ಬೆಳೆದ ಮರವು ಒಂದು ದಿನದಲ್ಲಿ ಮುಗಿದುಹೋಗುತ್ತದೆ.

ಗಮನಿಸತಕ್ಕ ಸಂಗತಿಯೊಂದುಂಟು. ಭದ್ರಾವತಿಯ ಕುಲುಮೆ ಹೊತ್ತಿದ 1923ರಲ್ಲಿಯೇ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆಯು ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕಗಳನ್ನು ಅಧಿಕ ಒತ್ತಡದಲ್ಲಿ ಕ್ರಿಯಾವರ್ಧಕದ ಮೇಲೆ ಹಾಯಿಸಿ, ಮೆಥನಾಲನ್ನು ಕೈಗಾರಿಕಾ ಪ್ರಮಾಣದಲ್ಲಿ ತಯಾರಿಸತೊಡಗಿತು. ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತುವೇ ಕ್ರಿಯಾವರ್ಧಕ. ಇಲ್ಲಿ ಬಳಸಿದುದು ಸತು ಮತ್ತು ಕ್ರೋಮಿಯಮ್ಮಿನ ಆಕ್ಸೈಡುಗಳನ್ನು. ಕಟ್ಟಿಗೆಯ ಮದ್ಯಸಾರದ ಉದ್ಯಮಕ್ಕೆ ಲೋಕದೆಲ್ಲೆಡೆ ಇದರಿಂದ ಪೆಟ್ಟು ಬಿದ್ದಿತು. ಇದಕ್ಕೂ ಮೊದಲು, 1902ರಲ್ಲಿ, ಫ್ರಾನ್ಸಿನ ಪಾಲ್ ಸಬಾಟ್ಯೇ ಮತ್ತು ಅವರ ಸಹೋದ್ಯೋಗಿ ಸೆಂಡೆರೆನ್ಸ್ ಅವರು ನಿಕ್ಕಲ್ಲಿನ ಮೇಲೆ ಇಂಗಾಲದ ಡೈಆಕ್ಸೈಡು ಜಲಜನಕದೊಡನೆ ಕೂಡಿ ಮಿಥೇನ್ ಆಗುವುದನ್ನು ತೋರಿಸಿದ್ದರು. ಮೆಥನಾಲನ್ನು ಜಿಯೋಲೈಟ್ ಎಂಬ ಕ್ರಿಯಾವರ್ಧಕದ ಮೂಲಕ ಪೆಟ್ರೋಲಿನಂಥ ಹೈಡ್ರೋಕಾರ್ಬನ್ ಆಗಿಸುವ ವಿಧಾನವು 1970ರ ದಶಕದಲ್ಲಿ ಬಂದಿತು. ಹೀಗೆ ಮಾರ್ಗದ ಮುಖ್ಯ ಮಜಲುಗಳೆಲ್ಲ ಹಿಂದೆಯೇ ತಿಳಿದವು.

ಹಾಗಾದರೆ ತೊಡಕು ಎಲ್ಲಿದೆ? ಜಲಜನಕದಲ್ಲಿ. 44 ಟನ್ ಇಂಗಾಲದ ಡೈಆಕ್ಸೈಡಿನೊಡನೆ 6 ಟನ್ ಜಲಜನಕ ಸೇರಿದರೆ 32 ಟನ್ ಮೆಥನಾಲೂ 18 ಟನ್ ನೀರೂ ಆಗುತ್ತವೆ. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋಗ್ರಾಂ ಜಲಜನಕವನ್ನು ಪಡೆಯಲು ಸುಮಾರು 50 ಯೂನಿಟ್ ಬೇಕು. ಅಂದರೆ ಒಂದು ಟನ್ ಮೆಥನಾಲಿಗೆ ಜಲಜನಕದ ಬಾಬಿನಲ್ಲಿಯೇ 9,000 ಯೂನಿಟ್ಟಿಗೂ ಮಿಕ್ಕು ಖರ್ಚು. ಆ ಮೆಥನಾಲನ್ನು ಉರಿಸಿದರೆ ಮರಳಿ ಬರುವುದು ಸುಮಾರು 5,500 ಯೂನಿಟ್ಟಿನ ಶಾಖ. ಈ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದುದಾದರೆ, ಯೂನಿಟ್ಟಿಗೆ ಸುಮಾರು ಒಂದು ಕಿಲೋಗ್ರಾಮಿನಂತೆ, ಒಂಬತ್ತು ಟನ್ ಅನಿಲವನ್ನು ಹೊರಬಿಟ್ಟು ಒಂದೂಕಾಲು ಟನ್ನಿಗೆ ತುಸು ಮಿಕ್ಕ ಅನಿಲವನ್ನು ಹಿಡಿದಂತಾಗುವುದು! ಕ್ರಿಯಾವರ್ಧಕವು ದಾರಿಯನ್ನು ಸುಗಮಗೊಳಿಸೀತೇ ಹೊರತು ದಾರಿಯ ವೆಚ್ಚವನ್ನು ತಾನು ತೆರಲಾರದು.

ಭದ್ರಾವತಿಯ ಇತಿಹಾಸವೂ ಇದನ್ನೇ ಸಾರುತ್ತದೆ. ಅಲ್ಲಿ ವೆಚ್ಚವನ್ನು ಮೊದಲು ತೆತ್ತುದು ಕಾಡು. ಜೋಗದ ವಿದ್ಯುತ್ತು ಹರಿಯತೊಡಗಿದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಬಂದು ಶಾಖದ ಹೊರೆಯನ್ನು ಶರಾವತಿಯ ನೀರು ಹೊತ್ತಿತು. ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಲು ಮಾತ್ರ ಆಗಲೂ ಇಂಗಾಲ ಬೇಕಾಗಿದ್ದಿತು. ಇಂದು ಪಾವಗಡದ ಬಯಲಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕೇಂದ್ರವು ಹರಡಿಕೊಂಡಿದೆ. ಇಂಥ ವಿದ್ಯುತ್ತು ಹೇರಳವಾಗಿಯೂ ಅಗ್ಗವಾಗಿಯೂ ದೊರೆತರೆ ಮಾತ್ರ ಹೊಗೆಯಿಂದ ಇಂಧನವೆಂಬ ಯೋಜನೆ ಅರ್ಥವತ್ತಾದೀತು. ಆಗಲೂ ಆ ನೆಲ ಯಾರದು, ಆ ನೀರು ಯಾವ ಕೆರೆಯದು ಎಂಬ ಪ್ರಶ್ನೆಗಳು ಉಳಿಯುತ್ತವೆ.

ಕೈಗಾರಿಕೆಯ ಇತಿಹಾಸವನ್ನು ಬರೆಯುವವರು ಉತ್ಪಾದನೆಯ ಅಂಕಿಗಳಿಗೆ ತೃಪ್ತರಾಗುವುದು ವಾಡಿಕೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ತಮ್ಮ ನೆರೆಯ ಕಾಡುಗಳಿಂದ ಸಾಗಿದ ಕಟ್ಟಿಗೆಯ ಲೆಕ್ಕವನ್ನೂ, ಅದನ್ನು ಕಡಿದು ಹೊತ್ತವರ ನೆನಪುಗಳನ್ನೂ ಸಂಗ್ರಹಿಸಿದಲ್ಲಿ, ಹೊಸ ಇಂಧನದ ಬೆಲೆಯನ್ನು ಅಳೆಯಲು ನಮಗೊಂದು ಹಳೆಯ ಅಳತೆಗೋಲು ದೊರೆಯುವುದರಲ್ಲಿ ಸಂದೇಹವಿಲ್ಲ.