ಗೃಹಿಣಿಯ ವಿಷಾದವೂ ಅಮೆರಿಕದ ಮಹಿಳಾ ಮಾಸಪತ್ರಿಕೆಗಳೂ

ಒಂದು ಸಮಾಜವು ತನ್ನ ಸ್ತ್ರೀಯರ ಮನಃಕ್ಲೇಶವನ್ನು ಹೇಗೆ ಕಂಡಿತೆಂಬುದನ್ನು ಅರಿಯಬೇಕಾದರೆ ವೈದ್ಯಗ್ರಂಥಗಳನ್ನು ಶೋಧಿಸಿದರಷ್ಟೇ ಸಾಲದು. ಆ ಸ್ತ್ರೀಯರು ಮನೆಗೆಲಸ ತೀರಿಸಿ ಕುಳಿತು ಓದುತ್ತಿದ್ದ ಮಾಸಪತ್ರಿಕೆಗಳನ್ನೂ, ಅವುಗಳಲ್ಲಿ ಲೇಖನಗಳ ಮಗ್ಗುಲಲ್ಲಿಯೇ ಅಚ್ಚಾಗುತ್ತಿದ್ದ ಜಾಹೀರಾತುಗಳನ್ನೂ ಓದಬೇಕು. ಅಮೆರಿಕದಲ್ಲಿ ಸುಮಾರು ಎಂಬತ್ತು ವರ್ಷಗಳ ಕಾಲ ಇಂತಹ ಪತ್ರಿಕೆಗಳು ಗೃಹಿಣಿಯ ವಿಷಾದವನ್ನು ಒಮ್ಮೆ ಆಕೆಯ ದೇಹದ ದೋಷವೆಂದೂ ಇನ್ನೊಮ್ಮೆ ಆಕೆಯ ಸ್ವಭಾವದ ದೋಷವೆಂದೂ ಬಣ್ಣಿಸಿದುವು. ಆಕೆಯ ಬಾಳಿನ ರೀತಿಯಲ್ಲಿಯೇ ಅದಕ್ಕೆ ಕಾರಣವಿರಬಹುದೆಂಬ ವಿಚಾರವು ಆ ಪುಟಗಳನ್ನು ಪ್ರವೇಶಿಸಿದುದು ಬಹುಮಟ್ಟಿಗೆ ಓದುಗರ ಕಾಗದಗಳ ಮೂಲಕ.

೧೮೮೩ರಲ್ಲಿ ಸೈರಸ್ ಕರ್ಟಿಸ್ ಎಂಬ ಪ್ರಕಾಶಕನು ಫಿಲಡೆಲ್ಫಿಯ ನಗರದಲ್ಲಿ ಆರಂಭಿಸಿ, ಆತನ ಪತ್ನಿ ಲೂಯಿಸಾ ನ್ಯಾಪ್ ಪ್ರಥಮ ಸಂಪಾದಕಿಯಾಗಿ ಬೆಳೆಸಿದ 'ಲೇಡೀಸ್ ಹೋಮ್ ಜರ್ನಲ್' ಇವುಗಳಲ್ಲಿ ಅಗ್ರಗಣ್ಯವಾದುದು. ಕಾರಣ ತೋರದ ದಣಿವು, ನಿದ್ರಾನಾಶ, ಅಳು, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದಿರುವುದು ಇವೆಲ್ಲವನ್ನೂ ಆ ಕಾಲದ ವೈದ್ಯರು ನರದೌರ್ಬಲ್ಯವೆಂಬ ಒಂದೇ ವ್ಯಾಧಿಯ ಲಕ್ಷಣಗಳೆಂದು ಎಣಿಸುತ್ತಿದ್ದರು. ಸ್ತ್ರೀಯರ ವಿಷಯದಲ್ಲಿಯಾದರೋ ಅದರ ಮೂಲವನ್ನು ಗರ್ಭಕೋಶದಲ್ಲಿ ಹುಡುಕುವುದು ವಾಡಿಕೆಯಾಗಿದ್ದಿತು. ಈ ನಂಬಿಕೆಯನ್ನು ಆಶ್ರಯಿಸಿಯೇ, ಮಸಾಚುಸೆಟ್ಸ್ ಪ್ರಾಂತದ ಲಿನ್ ಎಂಬ ಊರಿನ ಲಿಡಿಯಾ ಪಿಂಕಮ್ ೧೮೭೫ರಲ್ಲಿ ಮಾರಾಟಕ್ಕಿಟ್ಟ ಮೂಲಿಕೆಯ ಔಷಧವು ದೇಶದ ಮೂಲೆಮೂಲೆಗೂ ಹರಡಿತು. ಜಾಹೀರಾತಿನಲ್ಲಿ ಆಕೆಯ ಸೌಮ್ಯವಾದ ಮುಖ, ಅದರ ಕೆಳಗೆ ಗುಣ ಹೊಂದಿದ ಗೃಹಿಣಿಯರ ಕಾಗದಗಳು, ಕೊನೆಯಲ್ಲಿ ಶ್ರೀಮತಿ ಪಿಂಕಮ್ ಅವರಿಗೇ ನಿಮ್ಮ ಸಂಕಟವನ್ನು ಬರೆದು ತಿಳಿಸಿರೆಂಬ ಆಹ್ವಾನ. ಶೀಶೆಯೊಳಗಿದ್ದುದರಲ್ಲಿ ಶೇಕಡ ೧೮ರಷ್ಟು ಮದ್ಯಸಾರ.

೧೮೮೯ರಲ್ಲಿ ಲೇಡೀಸ್ ಹೋಮ್ ಜರ್ನಲ್ಲಿನ ಸಂಪಾದಕನಾದ ಎಡ್ವರ್ಡ್ ಬಾಕ್ ಮಹಾಶಯನು, ಬರುವ ಹಣವನ್ನು ಲೆಕ್ಕಿಸದೆ, ೧೮೯೨ರಿಂದ ಇಂತಹ ಔಷಧಗಳ ಜಾಹೀರಾತುಗಳನ್ನೇ ನಿರಾಕರಿಸಿದನು. ೧೯೦೫ರಲ್ಲಿ ಆತನು, ಶ್ರೀಮತಿ ಪಿಂಕಮ್ ಲಿನ್ ಪಟ್ಟಣದ ತಮ್ಮ ಪ್ರಯೋಗಶಾಲೆಯಲ್ಲಿ ಕುಳಿತು ರೋಗಿಗಳಿಗೆ ನೆರವಾಗುತ್ತಿರುವರೆಂದು ಸಾರುವ ಜಾಹೀರಾತನ್ನೂ, ೧೮೮೩ರಲ್ಲಿಯೇ ಆಕೆ ಕಾಲವಾದಳೆಂದು ಕೆತ್ತಿದ್ದ ಗೋರಿಕಲ್ಲಿನ ಛಾಯಾಚಿತ್ರವನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕಿಸಿದನು. ತಾಯಿಗೆ ಹೇಳುವಂತೆ ಬಿಚ್ಚಿ ಬರೆದ ಕಾಗದಗಳು ಇಪ್ಪತ್ತೆರಡು ವರ್ಷ ಕಾಲ ಆಕೆಯ ಕೈಗೆ ಸೇರುತ್ತಿರಲೇ ಇಲ್ಲವೆಂಬುದು ಆಗ ಲೋಕಕ್ಕೆ ತಿಳಿಯಿತು. ಔಷಧದೊಳಗಿನ ಮದ್ಯವನ್ನೂ ಅಫೀಮನ್ನೂ ಶೀಶೆಯ ಮೇಲೆ ನಮೂದಿಸಬೇಕೆಂಬ ಶಾಸನವು ೧೯೦೬ರಲ್ಲಿ ಬಂದುದಕ್ಕೆ ಈ ಪತ್ರಿಕೆಯ ಹೋರಾಟವೂ ಒಂದು ಕಾರಣ. ಆದರೆ ಕಳ್ಳ ಔಷಧವನ್ನು ಅಟ್ಟಿದ ಸಂಪಾದಕನು, ಆ ಸ್ತ್ರೀಯರು ಹಾಗೇಕೆ ಬರೆಯುತ್ತಿದ್ದರೆಂದು ವಿಚಾರಿಸಲಿಲ್ಲ. ಗೃಹವೇ ಸ್ತ್ರೀಯ ಸರ್ವಸ್ವವೆಂಬ ಮತವನ್ನು ಕೊನೆಯವರೆಗೂ ಹಿಡಿದಿದ್ದನು.

ಆ ವಿಚಾರಣೆಯನ್ನು ಮಾಡಿದವಳು ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಎಂಬ ಲೇಖಕಿ. ಹೆರಿಗೆಯ ಅನಂತರ ತೀವ್ರವಾದ ವಿಷಾದಕ್ಕೆ ತುತ್ತಾದ ಆಕೆ ೧೮೮೭ರಲ್ಲಿ ಫಿಲಡೆಲ್ಫಿಯದ ಪ್ರಸಿದ್ಧ ವೈದ್ಯ ಸೈಲಸ್ ವಿಯರ್ ಮಿಚೆಲ್‌ನ ಬಳಿಗೆ ಹೋದಳು. ಹಾಸಿಗೆಯಲ್ಲಿ ಮಲಗಿಸುವುದು, ಹೊಟ್ಟೆ ತುಂಬ ಹಾಲು ಕುಡಿಸುವುದು, ಮೈ ತಿಕ್ಕಿಸುವುದು, ಓದುಬರೆಹಗಳನ್ನು ತಪ್ಪಿಸುವುದು ಇವೇ ಆತನ ವಿಶ್ರಾಂತಿ ಚಿಕಿತ್ಸೆಯ ಅಂಗಗಳು. ಬದುಕಿರುವವರೆಗೂ ಲೇಖನಿಯನ್ನು ಮುಟ್ಟಬೇಡವೆಂದು ವಿಧಿಸಿ ಆತನು ಮನೆಗೆ ಕಳುಹಿಸಿದ ಮೇಲೆ ಆಕೆ ಬುದ್ಧಿಭ್ರಮಣೆಯ ಅಂಚಿನವರೆಗೂ ಹೋದಳು. ವಿಧಿಯನ್ನು ಮುರಿದು ಬರೆಯಲು ತೊಡಗಿದಾಗ ಚೇತರಿಸಿಕೊಂಡಳು. ಆ ಅನುಭವದಿಂದ ಹುಟ್ಟಿದ 'ದಿ ಯೆಲ್ಲೋ ವಾಲ್‌ಪೇಪರ್' ಎಂಬ ಕಥೆ ೧೮೯೨ರಲ್ಲಿ ಪ್ರಕಟವಾಯಿತು. ಅದನ್ನು ಬರೆದ ಕಾರಣವನ್ನು ೧೯೧೩ರಲ್ಲಿ, ತಾನೊಬ್ಬಳೇ ಬರೆದು ನಡೆಸುತ್ತಿದ್ದ 'ದಿ ಫೋರ್‌ರನರ್' ಎಂಬ ಮಾಸಪತ್ರಿಕೆಯಲ್ಲಿ, ಆಕೆ ನಿಸ್ಸಂಕೋಚವಾಗಿ ವಿವರಿಸಿದಳು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಳೆಯ ಕಥೆ ಹೊಸ ವೇಷದಲ್ಲಿ ಬಂದಿತು. ೧೯೫೩ರಲ್ಲಿ ಲೇಡೀಸ್ ಹೋಮ್ ಜರ್ನಲ್ ಆರಂಭಿಸಿದ, ಈ ದಾಂಪತ್ಯವನ್ನು ಉಳಿಸಬಹುದೆ ಎಂದು ಕೇಳುವ ಅಂಕಣದಲ್ಲಿ ಮೊದಲು ಹೆಂಡತಿಯ ಅಹವಾಲು, ಅನಂತರ ಗಂಡನದು, ಕೊನೆಗೆ ಸಲಹೆಗಾರನ ತೀರ್ಪು. ಹೆಂಡತಿಯ ದುಃಖವು ಅಲ್ಲಿ ದಾಂಪತ್ಯಕ್ಕೆ ಒದಗಿದ ತೊಡಕಾಗಿ ಕಾಣುತ್ತಿದ್ದಿತೇ ಹೊರತು ದುಃಖವಾಗಿ ಅಲ್ಲ. ಹಿಂದಿನ ಮೂಲಿಕೆಯ ಶೀಶೆಯ ಜಾಗಕ್ಕೆ ೧೯೫೫ರಲ್ಲಿ ಮಿಲ್‌ಟೌನ್, ೧೯೬೩ರಲ್ಲಿ ವೇಲಿಯಂ ಎಂಬ ಶಾಮಕ ಗುಳಿಗೆಗಳು ಬಂದುವು.

ಈ ನಡುವೆ, ೧೯೬೦ರಲ್ಲಿ, 'ರೆಡ್‌ಬುಕ್' ಪತ್ರಿಕೆಯು ಎಳೆಯ ತಾಯಂದಿರು ತಾವು ಸೆರೆಯಲ್ಲಿರುವಂತೆ ಏಕೆ ಭಾವಿಸುತ್ತಾರೆಂದು ಓದುಗರನ್ನೇ ಪ್ರಶ್ನಿಸಲು, ೨೪,೦೦೦ ಉತ್ತರಗಳು ಬಂದು ಬಿದ್ದುವು. ಸ್ಮಿತ್ ಕಾಲೇಜಿನ ತನ್ನ ಸಹಪಾಠಿಗಳನ್ನು ೧೯೫೭ರಲ್ಲಿ ಪ್ರಶ್ನಿಸಿ ಇದೇ ಅಳಲನ್ನು ಕೇಳಿದ್ದ ಬೆಟ್ಟಿ ಫ್ರೀಡನ್ ಬರೆದ ಲೇಖನವನ್ನು 'ಮೆಕಾಲ್ಸ್' ಪತ್ರಿಕೆಯು ತಿರಸ್ಕರಿಸಿತ್ತು; ಲೇಡೀಸ್ ಹೋಮ್ ಜರ್ನಲ್ ಅದರ ಅರ್ಥವೇ ತಲೆಕೆಳಗಾಗುವಂತೆ ತಿದ್ದಿದುದರಿಂದ ಆಕೆ ಅದನ್ನು ಹಿಂದಕ್ಕೆ ಪಡೆದಿದ್ದಳು; ರೆಡ್‌ಬುಕ್ ಕೂಡ ಬೇಡವೆಂದಿತ್ತು. ಅದೇ ಲೇಖನವು ಬೆಳೆದು ೧೯೬೩ರಲ್ಲಿ 'ದಿ ಫೆಮಿನೈನ್ ಮಿಸ್ಟಿಕ್' ಎಂಬ ಗ್ರಂಥವಾಯಿತು. ೧೯೭೦ರ ಮಾರ್ಚ್ ೧೮ರಂದು ನೂರಕ್ಕೂ ಮಿಕ್ಕ ಸ್ತ್ರೀಯರು, ತಮ್ಮನ್ನು ಪತ್ರಿಕೆಯು ಚಿತ್ರಿಸುತ್ತಿದ್ದ ರೀತಿಯನ್ನು ಪ್ರತಿಭಟಿಸಿ, ಲೇಡೀಸ್ ಹೋಮ್ ಜರ್ನಲ್ಲಿನ ಕಚೇರಿಗೆ ನುಗ್ಗಿ, ಸಂಪಾದಕನ ಕೊಠಡಿಯಲ್ಲಿ ಹನ್ನೊಂದು ಗಂಟೆಗಳ ಕಾಲ ಕುಳಿತು, ಆಗಸ್ಟ್ ಸಂಚಿಕೆಯಲ್ಲಿ ಎಂಟು ಪುಟಗಳನ್ನು ತಮ್ಮ ಬರೆಹಕ್ಕಾಗಿ ಪಡೆದರು.

ವಿಷಾದವು ರೋಗವಾಗಿಯೂ ಬರುತ್ತದೆ. ಬಂದಾಗ ವೈದ್ಯನೂ ಬೇಕು, ಔಷಧವೂ ಬೇಕು, ಅದರಲ್ಲಿ ನಾಚುವಂತಹುದೇನೂ ಇಲ್ಲ. ಆದರೆ ಔಷಧವನ್ನು ಸೂಚಿಸುವ ಮೊದಲು ಆಕೆಯ ದಿನ ಹೇಗೆ ಕಳೆಯುತ್ತದೆ, ಆಕೆಯ ಮಾತನ್ನು ಕೇಳುವವರು ಯಾರಿದ್ದಾರೆ ಎಂಬುದನ್ನು ವಿಚಾರಿಸುವುದು ವೈದ್ಯನಿಗೆ ಹೇಗೋ ಪತ್ರಿಕೆಗೂ ಹಾಗೆಯೇ ಧರ್ಮ. ಸ್ತ್ರೀಯರಿಗಾಗಿ ಪತ್ರಿಕೆ ನಡೆಸುವವರು ಯಾವ ನಾಡಿನವರೇ ಆಗಲಿ, ಸಲಹೆ ನೀಡುವ ಪುಟಕ್ಕಿಂತ ಮೊದಲು ಓದುಗರ ಕಾಗದಗಳ ಕಟ್ಟನ್ನು ಬಿಚ್ಚಿ ಓದಲಿ.