ಭಾರ, ಬಲ, ದೂರ: ಒಂದು ತತ್ತ್ವದ ಇತಿಹಾಸ

ಸನ್ನೆಗೋಲು, ರಾಟೆ, ತಿರುಪು ಮೊದಲಾದ ಸರಳಯಂತ್ರಗಳ ಬಳಕೆ ಬಹು ಪ್ರಾಚೀನವಾದುದು. ಆದರೆ ಅವುಗಳಿಂದ ದೊರೆಯುವ ಲಾಭವೇನು, ಅದಕ್ಕೆ ನಾವು ತೆರುವ ಬೆಲೆಯೇನು ಎಂಬ ಪ್ರಶ್ನೆಗೆ ನಿಶ್ಚಿತವಾದ ಉತ್ತರ ದೊರೆಯಲು ಎರಡು ಸಾವಿರ ವರ್ಷಗಳೇ ಬೇಕಾದುವು.

ಕ್ರಿ. ಪೂ. ೩ನೆಯ ಶತಮಾನದಲ್ಲಿ ಆರ್ಕಿಮಿಡೀಸನು ಸನ್ನೆಗೋಲಿನ ನಿಯಮವನ್ನು ರೇಖಾಗಣಿತದ ರೀತಿಯಲ್ಲಿ ಸಾಧಿಸಿದನು: ಆನಿಕೆಯಿಂದ ಭಾರಗಳಿರುವ ದೂರಗಳು ಆ ಭಾರಗಳಿಗೆ ವಿಲೋಮಾನುಪಾತದಲ್ಲಿದ್ದರೆ ಸಮತೋಲ ಸಿದ್ಧಿಸುತ್ತದೆ. ಆದರೆ ಇದು ನಿಂತ ಭಾರದ ನಿಯಮ. ಚಲಿಸುವ ಭಾರದ ಲೆಕ್ಕ ಇದರಲ್ಲಿಲ್ಲ. ಆ ಲೆಕ್ಕವನ್ನು ಕ್ರಿ. ಶ. ೧ನೆಯ ಶತಮಾನದ ಅಲೆಕ್ಸಾಂಡ್ರಿಯದ ಹೆರೋನನಲ್ಲಿ ಕಾಣುತ್ತೇವೆ. ಅವನ ಯಂತ್ರಶಾಸ್ತ್ರ ಗ್ರಂಥದ ಗ್ರೀಕ್ ಮೂಲ ಬಹುಮಟ್ಟಿಗೆ ನಷ್ಟವಾಗಿದೆ. ೯ನೆಯ ಶತಮಾನದಲ್ಲಿ ಕುಸ್ತಾ ಇಬ್ನ್ ಲೂಕಾ ಮಾಡಿದ ಅರಬ್ಬೀ ಅನುವಾದ ಉಳಿದುಬಂದಿದೆ. ಅದರಲ್ಲಿ ೧೦೦೦ ಟ್ಯಾಲೆಂಟ್ ಭಾರವನ್ನು ೫ ಟ್ಯಾಲೆಂಟ್ ಬಲದಿಂದ ಚಲಿಸುವಂತೆ ಮಾಡುವ ಉದಾಹರಣೆಯಿದೆ. ಬಲ ಎಷ್ಟು ಕುಗ್ಗುವುದೋ ಅದೇ ಅನುಪಾತದಲ್ಲಿ ಕಾಲ ಹಿಗ್ಗುವುದೆಂದೂ ಹೆರೋನನು ಗುರುತಿಸಿದ್ದನು.

ಹೀಗಿದ್ದರೂ ಯಂತ್ರವು ಪ್ರಕೃತಿಯನ್ನು ವಂಚಿಸಿ ಗೆಲ್ಲುವ ಉಪಾಯವೆಂಬ ಭಾವನೆ ಅಳಿಯಲಿಲ್ಲ. ೧೫೮೬ರಲ್ಲಿ ಡೊಮೆನಿಕೊ ಫಾಂಟಾನನು ರೋಮಿನಲ್ಲಿ ಸುಮಾರು ೩೩೦ ಟನ್ ತೂಕದ ವ್ಯಾಟಿಕನ್ ಶಿಲಾಸ್ತಂಭವನ್ನು ಅದರ ಪೀಠದಿಂದ ಎತ್ತಿದಾಗ, ಹಗ್ಗ ಸುತ್ತುವ ೪೦ ತಿರುಗಣೆಗಳಿಗೆ ಸುಮಾರು ೯೦೦ ಜನರೂ ೭೫ ಕುದುರೆಗಳೂ ಬೇಕಾದುವು. ರಾಟೆಗಳ ಮೂಲಕ ಹಗ್ಗ ಎಷ್ಟೋ ಮಾರು ಹರಿದರೂ ಕಲ್ಲು ಏರಿದ್ದು ಅಲ್ಪವೇ. ನೋಡಿದವರಿಗೆ ಎದ್ದುಕಂಡದ್ದು ಕಲ್ಲು, ಹಗ್ಗದ ಉದ್ದವಲ್ಲ.

ಸುಮಾರು ೧೬೦೦ರ ಹೊತ್ತಿಗೆ ಗೆಲಿಲಿಯೊ ಈ ಭ್ರಮೆಯನ್ನೇ ತನ್ನ ಯಂತ್ರಶಾಸ್ತ್ರದ ಮೊದಲ ಮಾತಾಗಿಸಿದನು. ಬಲದಲ್ಲಿ ಉಳಿಸಿದುದನ್ನು ದೂರದಲ್ಲಿಯೂ ವೇಗದಲ್ಲಿಯೂ ಕಳೆದುಕೊಳ್ಳಲೇಬೇಕು. ಪ್ರಕೃತಿ ವಂಚನೆಗೆ ಒಳಗಾಗದು. ಹಾಗಾದರೆ ಯಂತ್ರದ ಪ್ರಯೋಜನವೇನು? ಭಾರವನ್ನು ನೂರು ಪಾಲು ಮಾಡಿ ನೂರು ಬಾರಿ ಹೊತ್ತರೂ ಕೆಲಸ ಅಷ್ಟೇ. ಆದರೆ ಕಲ್ಲುಕಂಬವನ್ನು ಪಾಲು ಮಾಡುವಂತಿಲ್ಲ. ಒಡೆಯಲಾಗದ ಭಾರವನ್ನು ಇಡಿಯಾಗಿಯೇ ಅಲ್ಪಬಲಕ್ಕೆ ಒಪ್ಪಿಸುವುದೇ ಯಂತ್ರದ ನಿಜವಾದ ಉಪಕಾರ. ಬಲ ಮತ್ತು ದೂರಗಳ ಗುಣಲಬ್ಧಕ್ಕೆ ೧೮೨೯ರಲ್ಲಿ ಕೊರಿಯೊಲಿಸನು ‘ಕೆಲಸ’ವೆಂಬ ಹೆಸರನ್ನು ಶಾಸ್ತ್ರದಲ್ಲಿ ನೆಲೆಗೊಳಿಸಿದ ಮೇಲೆ ಈ ವಿಚಾರಕ್ಕೆ ಖಚಿತವಾದ ಅಳತೆ ದೊರೆಯಿತು. ಘರ್ಷಣೆಯಿರುವ ನಿಜಯಂತ್ರದಲ್ಲಿ ನಾವು ಕೊಡುವ ಕೆಲಸ ಪಡೆಯುವುದಕ್ಕಿಂತ ಯಾವಾಗಲೂ ಹೆಚ್ಚೇ.

ತರಗತಿಯಲ್ಲಿ ಯಾಂತ್ರಿಕ ಲಾಭವನ್ನು ಮೊದಲು ಹೇಳಿ, ದೂರದ ಮಾತನ್ನು ಕೊನೆಗೆ ಸೇರಿಸುವುದುಂಟು. ಹಾಗೆ ಮಾಡಿದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಹಳೆಯ ಭ್ರಮೆಯೇ ಮತ್ತೆ ಮೊಳೆಯುತ್ತದೆ. ಭಾರವನ್ನೂ ಹಗ್ಗದ ಉದ್ದವನ್ನೂ ಒಟ್ಟಿಗೇ ಅಳೆಯಬೇಕೆಂಬುದೇ ಈ ಇತಿಹಾಸದ ಬೋಧೆ.